ರೈತ ಸಂಘದಲ್ಲಿ ಪ್ರೊಫೆಸರರ ಪಾತ್ರ: ಎಂ. ಡಿ. ನಂಜುಂಡಸ್ವಾಮಿ ಕುರಿತು ಕಾಲಾನುಕ್ರಮದ ಒಂದು ಟಿಪ್ಪಣಿ

1. ಪ್ರಶ್ನೆ

ಕರ್ನಾಟಕ ರಾಜ್ಯ ರೈತ ಸಂಘದ ಬಗ್ಗೆ 1990ರ ದಶಕದಿಂದೀಚೆಗೆ ಇಂಗ್ಲಿಷಿನಲ್ಲಿ ಬಂದ ಬರಹಗಳಲ್ಲಿ ಎರಡು ರೂಢಿಗಳು ಕಾಣುತ್ತವೆ. ಒಂದು, ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರೊಬ್ಬರೇ ಸಂಘದ ಸ್ಥಾಪಕರು ಎಂಬಂತೆ ಬರೆಯುವುದು. ಇನ್ನೊಂದು, ಸಂಘದ ನೇರ ಕ್ರಿಯೆಯ ಪದ್ಧತಿಯನ್ನು ಯುರೋಪಿನ ಅರಾಜಕತಾವಾದಿ ಗುಂಪುಗಳ ಪದ್ಧತಿಯ ಪಕ್ಕದಲ್ಲಿಟ್ಟು, ಪ್ರೊಫೆಸರರನ್ನೂ ಆ ಬಳಗಕ್ಕೆ ಸೇರಿಸಿ ನೋಡುವುದು. ಈ ಎರಡು ರೂಢಿಗಳು ದಿನಾಂಕಗಳ ಎದುರು ಎಷ್ಟು ನಿಲ್ಲುತ್ತವೆ ಎಂದು ಪರಿಶೀಲಿಸುವುದಷ್ಟೇ ಇಲ್ಲಿನ ಉದ್ದೇಶ. ಚಳವಳಿ ಗೆದ್ದಿತೇ ಸೋತಿತೇ ಎಂಬ ಚರ್ಚೆ ಈ ಟಿಪ್ಪಣಿಯ ವ್ಯಾಪ್ತಿಯಲ್ಲಿಲ್ಲ.

ಆಕರಗಳ ಬಗ್ಗೆ ಒಂದು ಮಾತು. ಸಂಘದ ಮೊದಲ ವರ್ಷಗಳಿಗೆ ಎಂ. ವಿ. ನಾಡಕರ್ಣಿ ಅವರ ಅಧ್ಯಯನ (1987) ಇಂದಿಗೂ ಹೆಚ್ಚು ಭರವಸೆಯದು. ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರ ಪುಸ್ತಕ (1997) 1980ರಿಂದ 1994ರವರೆಗಿನ ಅವಧಿಯನ್ನು ಒಳಗೊಂಡಿದೆ. 1994ರ ನಂತರದ ಅವಧಿಗೆ ಹೆಚ್ಚಾಗಿ ಬಳಕೆಯಾಗುವುದು ಸಂಘವೇ ಇಂಗ್ಲಿಷಿನಲ್ಲಿ ಹೊರಡಿಸಿದ ಹೇಳಿಕೆಗಳು ಮತ್ತು ಅಂತರರಾಷ್ಟ್ರೀಯ ಜಾಲಗಳ ಕಡತಗಳು. ಈ ಎರಡು ಬಗೆಯ ಆಕರಗಳ ತೂಕ ಒಂದೇ ಅಲ್ಲ. ಕಾರಣ 2ನೆಯ ಭಾಗದಲ್ಲಿದೆ.

2. ಹೋಲಿಕೆಗೆ ಒಂದು ಹಳೆಯ ಉದಾಹರಣೆ: ವೊಲಿನ್

ರೈತ ಚಳವಳಿಯಲ್ಲಿ ಅರಾಜಕತಾವಾದಿ ಬುದ್ಧಿಜೀವಿಯ ಪಾತ್ರ ಎಂದಾಗ ಎಲ್ಲರೂ ಉಲ್ಲೇಖಿಸುವ ಉದಾಹರಣೆ ಉಕ್ರೇನಿನ ನೆಸ್ತರ್ ಮಖ್ನೋ ಚಳವಳಿಯ ವೊಲಿನ್ ಅವರದು. ನಿಜನಾಮ ವ್ಸೆವೊಲೊದ್ ಐಖೆನ್‌ಬೌಮ್ (1882–1945). ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿ ಅರ್ಧಕ್ಕೆ ಬಿಟ್ಟವರು. ಅರಾಜಕತಾವಾದಿಗಳ ‘ನಬಾತ್’ ಒಕ್ಕೂಟದ ಮುಖ್ಯರಲ್ಲಿ ಒಬ್ಬರು. 1919ರ ಆಗಸ್ಟ್‌ನಲ್ಲಿ ಮಖ್ನೋ ಸೇನೆಯನ್ನು ಸೇರಿ ಶಿಕ್ಷಣ ಮತ್ತು ಪ್ರಚಾರದ ಹೊಣೆ ಹೊತ್ತರು, ಸೈನಿಕ ಕ್ರಾಂತಿಕಾರಿ ಮಂಡಳಿಯ ಅಧ್ಯಕ್ಷರೂ ಆದರು. 1920ರ ಜನವರಿಯಲ್ಲಿ ಟೈಫಸ್ ಜ್ವರದಿಂದ ಮಲಗಿದ್ದಾಗ ಕೆಂಪು ಸೇನೆಯ ಕೈಗೆ ಸಿಕ್ಕರು. ಚಳವಳಿಯೊಳಗೆ ಅವರಿದ್ದ ಅವಧಿ ಸುಮಾರು ಐದು ತಿಂಗಳು ಮಾತ್ರ.

ಈ ಐದು ತಿಂಗಳ ಪ್ರಮುಖ ಘಟನೆ ಅಲೆಕ್ಸಾಂದ್ರೊವ್‌ಸ್ಕ್ ಪಟ್ಟಣದ ರೈತ–ಕಾರ್ಮಿಕರ ಪ್ರಾದೇಶಿಕ ಸಮ್ಮೇಳನ. ಅದರ ದಿನಾಂಕದ ಬಗ್ಗೆಯೇ ಒಮ್ಮತವಿಲ್ಲ. ಚಳವಳಿಯ ಚರಿತ್ರೆ ಬರೆದ ಅರ್ಷಿನೋವ್ ಮತ್ತು ವೊಲಿನ್ ಇಬ್ಬರೂ 1919ರ ಅಕ್ಟೋಬರ್ 20 ಎನ್ನುತ್ತಾರೆ. ಬಳಿಕದ ಇತಿಹಾಸಕಾರರು ಅದೇ ತಿಂಗಳ ಕೊನೆಯ ವಾರದಲ್ಲಿ ಆರಂಭವಾಗಿ ನವೆಂಬರ್ 2ಕ್ಕೆ ಮುಗಿದದ್ದೆಂದು ಎಣಿಸುತ್ತಾರೆ. ರಷ್ಯಾದ ಹಳೆಯ ಮತ್ತು ಹೊಸ ಕ್ಯಾಲೆಂಡರುಗಳ ನಡುವಿನ ಅಂತರ 13 ದಿನ. ಒಂದು ವಾರದ ಈ ವ್ಯತ್ಯಾಸವನ್ನು ಅದೂ ನೇರವಾಗಿ ಬಗೆಹರಿಸುವುದಿಲ್ಲ.

ವಿಧಾನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ಸಂಗತಿ ಬೇರೆ. ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ವೊಲಿನ್. ಅದರ ವಿಸ್ತಾರವಾದ ವರದಿ ಬರೆದವರೂ ಅವರೇ. ಆ ವರದಿ ಇರುವ ಪುಸ್ತಕ ಅವರು ತೀರಿಕೊಂಡ ಮೇಲೆ, 1947ರಲ್ಲಿ ಪ್ರಕಟವಾಯಿತು. 1923ರಲ್ಲಿ ಬರ್ಲಿನ್ನಿನಲ್ಲಿ ಬಂದ ಅರ್ಷಿನೋವ್ ಅವರ ಚರಿತ್ರೆಗೆ ಮುನ್ನುಡಿ ಅವರದು. 1934ರಲ್ಲಿ ಮಖ್ನೋ ಪ್ಯಾರಿಸ್ಸಿನಲ್ಲಿ ನಿಧನರಾದ ನಂತರ ಅವರ ಆತ್ಮಕಥನದ ಎರಡನೆಯ, ಮೂರನೆಯ ಸಂಪುಟಗಳನ್ನು (1936, 1937) ಸಂಪಾದಿಸಿದವರೂ ವೊಲಿನ್ ಅವರೇ. ಹೀಗಾಗಿ ರೈತರ ಚಳವಳಿಯ ದಾಖಲೆಯ ದೊಡ್ಡ ಭಾಗ ಒಬ್ಬ ಬುದ್ಧಿಜೀವಿಯ ಕೈ ದಾಟಿಯೇ ನಮಗೆ ಸಿಕ್ಕಿದೆ. ಇಂಥ ಸಂದರ್ಭದಲ್ಲಿ ಅವರ ಪಾತ್ರ ನಿಜವಾಗಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ರೈತ ಸಂಘದ ಇಂಗ್ಲಿಷ್ ದಾಖಲೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಪ್ರೊಫೆಸರರ ಸಹಿಯಲ್ಲಿ ಹೊರಟವು.

3. ಮೈಸೂರು ಹಿನ್ನೆಲೆ

ನಂಜುಂಡಸ್ವಾಮಿ ಜನಿಸಿದ್ದು 1936ರ ಫೆಬ್ರುವರಿ 13ರಂದು, ಮೈಸೂರಿನಲ್ಲಿ. ನಿಧನರಾದದ್ದು 2004ರ ಫೆಬ್ರುವರಿ 3ರಂದು, ಬೆಂಗಳೂರಿನಲ್ಲಿ. ಲೆಕ್ಕ ಹಿಡಿದರೆ 68 ತುಂಬಲು ಹತ್ತು ದಿನ ಬಾಕಿಯಿತ್ತು. ಆದ್ದರಿಂದ ಸರಿಯಾದ ವಯಸ್ಸು 67. ಕಾನೂನು ಓದಿ, ಹೇಗ್‌ನ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿಯಲ್ಲೂ ಜರ್ಮನಿಯಲ್ಲೂ ಉನ್ನತ ವ್ಯಾಸಂಗ ಮಾಡಿ ಬಂದು ಕಾನೂನು ಅಧ್ಯಾಪಕರಾದರು. ‘ಪ್ರೊಫೆಸರ್’ ಎಂಬುದು ಸಂಘದ ಕಾರ್ಯಕರ್ತರ ಬಾಯಲ್ಲಿ ಕೊನೆಯವರೆಗೂ ಅವರ ಹೆಸರಾಗಿಯೇ ಉಳಿಯಿತು.

ರೈತ ಸಂಘಕ್ಕೆ ಬರುವ ಮೊದಲೇ ಅವರಿಗೆ ಒಂದು ಸಂಘಟನೆಯ ಅನುಭವವಿತ್ತು: ರಾಮಮನೋಹರ ಲೋಹಿಯಾ ವಿಚಾರಧಾರೆಯ ಸಮಾಜವಾದಿ ಯುವಜನ ಸಭಾ. 1960ರ ದಶಕದ ಕೊನೆಯಿಂದ 1970ರ ದಶಕದ ನಡುವಿನವರೆಗೆ ಮೈಸೂರು ಈ ಬಳಗದ ಮುಖ್ಯ ಕೇಂದ್ರಗಳಲ್ಲಿ ಒಂದಾಗಿತ್ತು. ಕೆ. ರಾಮದಾಸ್, ಪೂರ್ಣಚಂದ್ರ ತೇಜಸ್ವಿ, ದೇವನೂರ ಮಹಾದೇವ, ಕಡಿದಾಳ್ ಶಾಮಣ್ಣ, ಎನ್. ಡಿ. ಸುಂದರೇಶ್ ಮೊದಲಾದವರ ಹೆಸರುಗಳು ಈ ಕಾಲದ ವಿವರಣೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಜಾತಿ ವಿನಾಶ ಸಮ್ಮೇಳನ, ಮಂತ್ರ ಮಾಂಗಲ್ಯ ರೀತಿಯ ಸರಳ ಮದುವೆ, 1974ರಲ್ಲಿ ಮೈಸೂರಿನಲ್ಲಿ ಸೇರಿದ ಬರಹಗಾರರ ಮತ್ತು ಕಲಾವಿದರ ಒಕ್ಕೂಟ, ಇವೆಲ್ಲ ಒಂದೇ ವಾತಾವರಣದಲ್ಲಿ ನಡೆದವು. ಅದಕ್ಕೂ ಕೆಲವು ತಿಂಗಳ ಮೊದಲು, 1973ರ ನವೆಂಬರ್‌ನಲ್ಲಿ, ಸಚಿವ ಬಿ. ಬಸವಲಿಂಗಪ್ಪ ಅವರು ಇದೇ ಊರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತಿನಿಂದ ‘ಬೂಸಾ’ ಪ್ರಕರಣ ಎದ್ದಿತ್ತು.

ಈ ಹಿನ್ನೆಲೆಯಲ್ಲಿ ಗಮನಿಸಬೇಕಾದದ್ದು ಒಂದು ಕೊರತೆ. ಬಳಗದ ಚರ್ಚೆಗಳ ಕೇಂದ್ರದಲ್ಲಿದ್ದದ್ದು ಜಾತಿ, ಭಾಷೆ, ಮದುವೆ, ಸಾಹಿತ್ಯ. ಬೆಳೆಯ ಬೆಲೆ, ನೀರಿನ ಕರ, ಸಾಲದ ಬಡ್ಡಿ ಅಂಚಿನಲ್ಲಿದ್ದವು. 1951ರ ಕಾಗೋಡು ಸತ್ಯಾಗ್ರಹದ ನೆನಪು ಬಳಗದಲ್ಲಿ ಬಲವಾಗಿತ್ತು ನಿಜ. ಆದರೆ ಕಾಗೋಡಿನ ಪ್ರಶ್ನೆ ಗೇಣಿಯದು, ಭೂಮಾಲೀಕನ ವಿರುದ್ಧದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಎದುರಾಳಿಯ ಜಾಗಕ್ಕೆ ಸರ್ಕಾರ ಬಂತು. ಈ ಬದಲಾವಣೆಯನ್ನು ಮೊದಲು ಗುರುತಿಸಿದ್ದು ಮೈಸೂರಿನ ಚರ್ಚಾಕೂಟಗಳಲ್ಲ, ಮಲಪ್ರಭಾ ಅಚ್ಚುಕಟ್ಟಿನ ರೈತರು ಎಂಬುದು ಮುಂದಿನ ದಿನಾಂಕಗಳಿಂದ ತೋರುತ್ತದೆ.

4. 1980ರ ಅನುಕ್ರಮ

ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಪಡೆಯುವ ನರಗುಂದ, ನವಲಗುಂದ, ಸವದತ್ತಿ ತಾಲ್ಲೂಕುಗಳ ರೈತರು ಎದುರಿಸಿದ ಸಮಸ್ಯೆ ಮೂರು ಎಳೆಗಳದು: ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರ), ನೀರಿನ ಕರ, ವರಲಕ್ಷ್ಮಿ ತಳಿಯ ಹತ್ತಿಯ ಬೆಲೆ ಕುಸಿತ. ನಾಲೆಯಲ್ಲಿ ನೀರು ಸರಿಯಾಗಿ ಹರಿಯದ ಹೊಲಗಳಿಗೂ ಲೆವಿ ಬಿದ್ದಿತ್ತು. 1980ರ ಮೊದಲ ಭಾಗದಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ ರೂಪುಗೊಂಡಿತು. ಅದರ ಬೇಡಿಕೆಗಳು ಸ್ಥಳೀಯ, ಲೆಕ್ಕಾಚಾರದ ಬೇಡಿಕೆಗಳು. ಲೋಹಿಯಾವಾದಿ ಪರಿಭಾಷೆಯ ಛಾಯೆ ಅವುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

1980ರ ಜುಲೈ 21, ಸೋಮವಾರ. ನರಗುಂದ ಮತ್ತು ನವಲಗುಂದಗಳಲ್ಲಿ ಪೊಲೀಸ್ ಗೋಲಿಬಾರ್. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ಅಂದಿನ ಮುಖ್ಯಮಂತ್ರಿ ಆರ್. ಗುಂಡೂರಾವ್. ಅಂದು ಎರಡೂ ಊರುಗಳು ಧಾರವಾಡ ಜಿಲ್ಲೆಯವು. ನರಗುಂದ ಗದಗ ಜಿಲ್ಲೆಗೆ ಸೇರಿದ್ದು 1997ರಲ್ಲಿ, ಆದ್ದರಿಂದ 1980ರ ಘಟನೆಯನ್ನು ‘ಗದಗ ಜಿಲ್ಲೆಯ ನರಗುಂದ’ ಎಂದು ಬರೆಯುವುದು ಕಾಲದೋಷ. ಸಾವುಗಳ ಒಟ್ಟು ಸಂಖ್ಯೆ ಬರಹದಿಂದ ಬರಹಕ್ಕೆ ಬದಲಾಗುವುದಕ್ಕೆ ಕಾರಣ ಸರಳ: ಕೆಲವರು ಜುಲೈ 21ರ ಸಾವುಗಳನ್ನಷ್ಟೇ ಎಣಿಸುತ್ತಾರೆ, ಕೆಲವರು ನಂತರದ ವಾರಗಳಲ್ಲಿ ರಾಜ್ಯದ ಬೇರೆಡೆ ನಡೆದ ಗೋಲಿಬಾರ್‌ಗಳನ್ನೂ ಸೇರಿಸುತ್ತಾರೆ. ಯಾವ ಎಣಿಕೆ ಎಂದು ಹೇಳದೆ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡರೆ ಅದರಿಂದ ಪ್ರಯೋಜನವಿಲ್ಲ.

ರಾಜ್ಯ ಮಟ್ಟದ ಸಂಘ ರೂಪುಗೊಂಡದ್ದು ಅದೇ ವರ್ಷದ ಉತ್ತರಾರ್ಧದಲ್ಲಿ. ನೆಲೆ ಶಿವಮೊಗ್ಗ. ತಳಹದಿ, ಅಲ್ಲಿನ ಕಬ್ಬು ಬೆಳೆಗಾರರ ಸಂಘಟನೆ. ಮೊದಲ ಅಧ್ಯಕ್ಷರು ಎಚ್. ಎಸ್. ರುದ್ರಪ್ಪ. ಸುಂದರೇಶ್, ಕಡಿದಾಳ್ ಶಾಮಣ್ಣ, ನಂಜುಂಡಸ್ವಾಮಿ ಅವರು ಸ್ಥಾಪಕರ ಸಾಲಿನಲ್ಲಿದ್ದಾರೆ. ಜುಲೈ 21 ರೈತ ಹುತಾತ್ಮರ ದಿನ. ಅದು ಸಂಘದ ಸ್ಥಾಪನಾ ದಿನವಲ್ಲ. ಭಾಷಣಗಳಲ್ಲಿ ಎರಡೂ ಬೆರೆತುಹೋಗುವುದು ಸಹಜ, ಸಂಶೋಧನಾ ಬರಹದಲ್ಲಿ ಬೆರೆಯಬಾರದು.

ಹೀಗೆ ಹೋರಾಟದ ಕಾರಣ ಮಲಪ್ರಭಾದಿಂದ, ಸಂಘಟನೆಯ ಒಡಲು ಶಿವಮೊಗ್ಗದ ಕಬ್ಬಿನ ಸೀಮೆಯಿಂದ ಬಂದವು. ಮೈಸೂರಿನ ಬಳಗದಿಂದ ಬಂದದ್ದು ಕೆಲವು ಕಾರ್ಯಕರ್ತರು ಮತ್ತು ಒಂದು ಚಿಂತನಾಕ್ರಮ. ‘ಸ್ಥಾಪಕ’ ಎಂಬ ಪದವನ್ನು ಒಬ್ಬರಿಗೇ ಬಳಸಲು ಈ ಅನುಕ್ರಮ ಎಡೆ ಕೊಡುವುದಿಲ್ಲ. ‘ಸ್ಥಾಪಕರಲ್ಲಿ ಒಬ್ಬರು, ನಂತರ ಅಧ್ಯಕ್ಷರು, ದೀರ್ಘಕಾಲ ಮುಖ್ಯ ಸಿದ್ಧಾಂತಕಾರರು’ ಎಂಬುದು ಸದ್ಯಕ್ಕೆ ಹೆಚ್ಚು ಸುರಕ್ಷಿತ ವಿವರಣೆ.

5. ಸಾಲ, ಜಪ್ತಿ, ಫಲಕ

ಬುದ್ಧಿಜೀವಿಯ ಪಾತ್ರ ಸ್ಪಷ್ಟವಾಗಿ ಕಾಣುವುದು ಇಲ್ಲಿ. 1980ರ ದಶಕದ ಆರಂಭದಲ್ಲಿ ಸಂಘ ಮಂಡಿಸಿದ ವಾದದ ಸಾರ ಇದು: ಲೆವಿ ಭತ್ತವನ್ನು ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಎತ್ತಿಕೊಂಡ ಸರ್ಕಾರ, ಬೆಲೆ ನೀತಿಯ ಮೂಲಕ ರೈತನ ಪಾಲನ್ನು ವರ್ಷವರ್ಷವೂ ತನ್ನಲ್ಲೇ ಉಳಿಸಿಕೊಂಡಿದೆ, ಲೆಕ್ಕ ತೆಗೆದರೆ ರೈತ ಬಾಕಿದಾರನಲ್ಲ, ಸರ್ಕಾರವೇ ಬಾಕಿದಾರ. ಸಾಲ ಮನ್ನಾ ಎಂಬ ಬೇಡಿಕೆ ಈ ವಾದದಲ್ಲಿ ದಯೆಯ ಕೋರಿಕೆಯಾಗಿ ಉಳಿಯದೆ ಹಕ್ಕಿನ ತಗಾದೆಯಾಗುತ್ತದೆ. ವಾದದ ಹೆಣಿಗೆ ವಕೀಲನದು. ಆದರೆ ಅದು ಪೂರ್ತಿ ಸ್ವಂತದ್ದೇ ಎಂದು ಹೇಳುವಂತಿಲ್ಲ. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿ ಅದೇ ವರ್ಷಗಳಲ್ಲಿ ಇದಕ್ಕೆ ಹತ್ತಿರದ ಲೆಕ್ಕವನ್ನೇ ಮುಂದಿಟ್ಟಿದ್ದರು. ಜೋಶಿಯವರೂ ಹೊಲದಿಂದ ಬಂದವರಲ್ಲ, ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದಲ್ಲಿ ಕೆಲಸ ಮಾಡಿ ಮರಳಿದವರು. ಇಬ್ಬರ ದಾರಿ ಬೇರೆಯಾದದ್ದು 1990ರ ದಶಕದಲ್ಲಿ, ಗ್ಯಾಟ್ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ವಿಷಯದಲ್ಲಿ: ಜೋಶಿ ಮುಕ್ತ ಮಾರುಕಟ್ಟೆಯ ಪರ ನಿಂತರು, ನಂಜುಂಡಸ್ವಾಮಿ ವಿರೋಧಿಸಿದರು.

ವಾದದಿಂದ ಹುಟ್ಟಿದ ಕ್ರಮವನ್ನು ಸಂಘದವರು ‘ಮರುಜಪ್ತಿ’ ಎಂದು ಕರೆದರು. ಸಾಲ ಕಟ್ಟದ ರೈತನ ಮನೆಗೆ ಬ್ಯಾಂಕಿನವರು ಬಂದು ಪಾತ್ರೆಪಡಗ, ಪಂಪ್‌ಸೆಟ್ಟು, ಗಾಡಿ ಏನಾದರೊಂದನ್ನು ಜಪ್ತಿ ಮಾಡಿ ಒಯ್ಯುತ್ತಾರೆ. ಹಸಿರು ಟವಲು ಹೊದ್ದ ಸಂಘದ ಸದಸ್ಯರು ಗುಂಪಾಗಿ ಹೋಗಿ ಅದೇ ವಸ್ತುಗಳನ್ನು ಹಗಲಲ್ಲೇ, ಎಲ್ಲರೆದುರು ಎತ್ತಿಕೊಂಡು ಬಂದು ಮನೆಯವರಿಗೆ ಒಪ್ಪಿಸುತ್ತಾರೆ. ಬ್ಯಾಂಕಿನ ಬೇರೆ ಯಾವ ಸಾಮಾನಿಗೂ ಕೈಹಾಕುವುದಿಲ್ಲ. ಇದರ ಜೊತೆಗೆ ಹಳ್ಳಿಗಳ ಪ್ರವೇಶದಲ್ಲಿ ಫಲಕಗಳು ಎದ್ದವು. ಅನುಮತಿ ಇಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬುದು ಅವುಗಳ ಒಟ್ಟು ಆಶಯ. ಮಂಡ್ಯ, ಮೈಸೂರು ಸೀಮೆಯ ಹಲವು ಹಳ್ಳಿಗಳಲ್ಲಿ ಸಂಘದ ಹಸಿರು ಫಲಕಗಳನ್ನು ಇಂದಿಗೂ ನೋಡಬಹುದು. ಆದರೆ ಅವು ಹಳೆಯವೋ, ಆಮೇಲೆ ಮತ್ತೆ ಬರೆಸಿದವೋ ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬಾರದು.

ಫಲಕವನ್ನು ಕಂಡ ಯುರೋಪಿನ ಓದುಗನಿಗೆ ಪ್ರಭುತ್ವವಿಲ್ಲದ ಹಳ್ಳಿಯ ಕಲ್ಪನೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಫಲಕ ಅಧಿಕಾರಿಯನ್ನು ಊರಿನಿಂದ ಹೊರಗೆ ಹಾಕುವುದಿಲ್ಲ, ಅನುಮತಿ ಕೇಳು ಎನ್ನುತ್ತದೆ. ಸಂಘ ಸರ್ಕಾರದಿಂದ ಬೆಲೆ ಕೇಳಿತು, ಮನ್ನಾ ಕೇಳಿತು, ವಿದ್ಯುತ್ ಕೇಳಿತು. ಪ್ರಭುತ್ವ ಬೇಡ ಎಂಬ ಬೇಡಿಕೆ ಸಂಘದ ಬೇಡಿಕೆಪಟ್ಟಿಗಳಲ್ಲಿ ಇಲ್ಲ.

6. ಕೀಳುವ ಕ್ರಮ: 1983, 1987, 1998

ರೈತ ಸಂಘವನ್ನು ಜಗತ್ತಿನ ಮುಂದೆ ನಿಲ್ಲಿಸಿದ್ದು 1990ರ ದಶಕದ ಕಾರ್ಯಾಚರಣೆಗಳು. 1991ರ ಡಿಸೆಂಬರ್ 20ರಂದು ಡಂಕೆಲ್ ಕರಡು ಹೊರಬಂತು. 1992ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಬೀಜ ಸತ್ಯಾಗ್ರಹದ ರ‍್ಯಾಲಿ. ಅದೇ ವರ್ಷದ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟದ್ದು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಘಟಕದ ಮೇಲೆ ದಾಳಿ. 1996ರ ಜನವರಿ 30ರಂದು ಬೆಂಗಳೂರಿನ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ದಾಳಿ. 1998ರ ನವೆಂಬರ್ 28ರಂದು ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಕಂಪನಿಯ ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟದ್ದು.

ಕೊನೆಯ ಘಟನೆಯನ್ನು ಹತ್ತಿರದಿಂದ ನೋಡಬಹುದು, ಏಕೆಂದರೆ ಅದರ ಮುನ್ಸೂಚನೆಯ ಬಹಿರಂಗ ಪತ್ರ ಉಳಿದಿದೆ. ಸಹಿ ನಂಜುಂಡಸ್ವಾಮಿ ಅವರದು. ಶನಿವಾರ ಮಧ್ಯಾಹ್ನ, ಕ್ಯಾಮೆರಾಗಳ ಮುಂದೆ, ಹೇಳಿಕೇಳಿ ಮಾಡುವ ಕಾನೂನುಭಂಗ ಇದು ಎಂದು ಪತ್ರ ತಿಳಿಸುತ್ತದೆ (1998ರ ನವೆಂಬರ್ 28 ಶನಿವಾರವೇ). ಹೊಲದ ಒಡೆಯರನ್ನು ಮೊದಲೇ ಕಂಡು ಕಾರಣ ವಿವರಿಸಿದ್ದನ್ನೂ, ಅವರಿಗಾಗುವ ನಷ್ಟವನ್ನು ಸಂಘವೇ ತುಂಬಿಕೊಡುವ ಭರವಸೆಯನ್ನೂ ಅದರಲ್ಲಿ ಕಾಣಿಸಲಾಗಿದೆ. ನೋಟಿಸು, ಕಾರಣ, ಪರಿಹಾರ: ಈ ಕ್ರಮ ಕಾನೂನು ಬಲ್ಲವರದು. ಜೀವವಿರುವವರಿಗೆ ನೋವಾಗದಂತೆ ವಸ್ತುವನ್ನು ನಾಶಮಾಡಿದರೆ ಅದು ಹಿಂಸೆಯಲ್ಲ ಎಂಬ ಸಂಘದ ನಿಲುವನ್ನೂ ಇದರ ಜೊತೆಗಿಟ್ಟು ಓದಬೇಕು. ಗಾಂಧಿವಾದಿಗಳು ಹಲವರು ಆ ನಿಲುವನ್ನು ಒಪ್ಪಲಿಲ್ಲ.

ಆದರೆ ಸಸಿ ಕೀಳುವ ಕ್ರಿಯೆ 1998ರಲ್ಲಿ ಹುಟ್ಟಿದ್ದಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ಅರಣ್ಯ ಇಲಾಖೆಯ ನರ್ಸರಿಗೆ ನಡೆದು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವು ಊರಿದ್ದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಅದರ ಮುಂದಾಳತ್ವ ರೈತ ಸಂಘದ್ದಲ್ಲ, ಧಾರವಾಡದ ಸಮಾಜ ಪರಿವರ್ತನ ಸಮುದಾಯದ್ದು. 1983ರಲ್ಲೂ 1987ರಲ್ಲೂ ಬುಡ ಕಿತ್ತ ಕೈಗಳಿಗೆ ಬೀಜದ ಪೇಟೆಂಟಿನ ಹಂಗಿರಲಿಲ್ಲ. ಗೋಮಾಳ, ಅಂತರ್ಜಲ, ಸೌದೆ ಅವರ ವಿಷಯಗಳು.

ಇದರಿಂದ ಹೊರಡುವ ತೀರ್ಮಾನ ಸೀಮಿತ. ಕ್ರಿಯೆಯ ರೂಪ ಮೊದಲೇ ಇತ್ತು. ಅದಕ್ಕೊಂದು ಹೆಸರು, ಮುಂಗಡ ನೋಟಿಸು, ಕಾನೂನಿನ ಸಮರ್ಥನೆ, ವಿದೇಶಿ ಓದುಗರಿಗೆ ಅರ್ಥವಾಗುವ ಕಾರಣ, ಇವನ್ನು ಪ್ರೊಫೆಸರ್ ಒದಗಿಸಿದರು. ಇದು ಸಣ್ಣ ಕೆಲಸವಲ್ಲ; ಆದರೆ ಹೊಸದನ್ನು ಹುಟ್ಟಿಸಿದ ಕೆಲಸವೂ ಅಲ್ಲ ಎಂಬುದನ್ನು ಮರೆಯಬಾರದು.

7. ಸಂಖ್ಯೆಗಳ ಬಗ್ಗೆ

ಮೂರು ಸಂಖ್ಯೆಗಳು ಪರಿಶೀಲನೆ ಇಲ್ಲದೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಿವೆ.

(ಅ) 1993ರ ಅಕ್ಟೋಬರ್ 3ರ ಬೆಂಗಳೂರು ಕಬ್ಬನ್ ಪಾರ್ಕ್ ರ‍್ಯಾಲಿ: ಐದು ಲಕ್ಷ ರೈತರು ಎಂಬುದು ಬೆಂಬಲಿಗರ ಬರಹಗಳ ಸಂಖ್ಯೆ. ಲಾರಿಯೊಂದಕ್ಕೆ 60 ಜನ ಎಂದು ಹಿಡಿದರೂ 8,300ಕ್ಕಿಂತ ಹೆಚ್ಚು ಲಾರಿ ಬೇಕು. ರೈಲು, ಬಸ್ಸು ಸೇರಿಸಿದರೆ ಇದು ಅಸಾಧ್ಯವೆಂದು ಹೇಳಲಾಗದು, ಆದರೆ ಸಂಘಟಕರ ಅಂದಾಜು ಎಂಬ ಸೂಚನೆಯೊಡನೆ ಮಾತ್ರ ಬಳಸಬೇಕು. ಇದನ್ನು ಹಿಂದಿನ ವರ್ಷದ ಹೊಸಪೇಟೆ ರ‍್ಯಾಲಿಯೊಡನೆ ಬೆರೆಸಿ ಒಂದೇ ಘಟನೆ ಮಾಡುವ ಅಪಾಯವೂ ಇದೆ.

(ಆ) ಸದಸ್ಯತ್ವ: 1990ರ ದಶಕದ ಕೊನೆಯ ಇಂಗ್ಲಿಷ್ ಹೇಳಿಕೆಗಳಲ್ಲಿ ಒಂದು ಕೋಟಿ. 1991ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 4.5 ಕೋಟಿ, ಗ್ರಾಮೀಣ ಜನಸಂಖ್ಯೆ ಸುಮಾರು 3.1 ಕೋಟಿ. ಹಾಗಾದರೆ ಮಕ್ಕಳೂ ಮುದುಕರೂ ಸೇರಿ ಹಳ್ಳಿಯ ಮೂವರಲ್ಲಿ ಒಬ್ಬರು ಸದಸ್ಯರಾಗಿರಬೇಕು. ರಸೀದಿ ಪಡೆದ ಸದಸ್ಯರ ಎಣಿಕೆ ಇದಾಗಿರಲಾರದು. ಬೆಂಬಲಿಗ ಕುಟುಂಬಗಳ ಎಲ್ಲರನ್ನೂ ಸೇರಿಸಿದ ಅಂದಾಜು ಇರಬಹುದು.

(ಇ) 1999ರ ಮೇ–ಜೂನ್ ತಿಂಗಳ ಖಂಡಾಂತರ ಜಾಥಾ: ಯುರೋಪಿಗೆ ಹೋದವರು 400 ಎಂದೂ 500 ಎಂದೂ ಕಾಣುತ್ತದೆ. ಯೋಜಿತ ಸಂಖ್ಯೆಗೂ ಹೊರಟವರ ಸಂಖ್ಯೆಗೂ ಇರುವ ವ್ಯತ್ಯಾಸವೇ ಇದಕ್ಕೆ ಕಾರಣ ಎಂದು ತೋರುತ್ತದೆ.

8. ‘ಅರಾಜಕತಾವಾದಿ’ ಹಣೆಪಟ್ಟಿ

ಹಣೆಪಟ್ಟಿಗೆ ಆಧಾರ ಸಿಗುವುದು ಮುಖ್ಯವಾಗಿ ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್ ಜಾಲದಲ್ಲಿ. 1998ರ ಫೆಬ್ರುವರಿಯಲ್ಲಿ ಜಿನೀವಾದಲ್ಲಿ ಹುಟ್ಟಿದ ಈ ಜಾಲದ ಎರಡನೆಯ ಸಮ್ಮೇಳನ 1999ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆತಿಥ್ಯ ರೈತ ಸಂಘದ್ದು. ವಿಕೇಂದ್ರೀಕರಣ, ಸ್ವಾಯತ್ತತೆ, ನೇರ ಕ್ರಿಯೆ ಎಂಬ ಅದರ ಮೂಲಸೂತ್ರಗಳು ಅರಾಜಕತಾವಾದಿ ಪರಿಭಾಷೆಗೆ ಹತ್ತಿರ. ಯುರೋಪಿನ ಸದಸ್ಯರಲ್ಲಿ ಹಲವರು ಆ ಪಂಥದವರೇ. ಇಷ್ಟರಿಂದ ಆತಿಥೇಯರೂ ಆ ಪಂಥದವರು ಎಂಬ ತೀರ್ಮಾನಕ್ಕೆ ಬರುವುದು ಅವಸರದ ಕೆಲಸ. ಅದೇ ಮೂರು ಪದಗಳು ಲೋಹಿಯಾ ಅವರ ನಾಲ್ಕು ಕಂಬಗಳ ರಾಜ್ಯದ ಕಲ್ಪನೆಯಿಂದಲೂ ಬರಬಲ್ಲವು. ಗ್ರಾಮ, ಜಿಲ್ಲೆ, ಪ್ರಾಂತ್ಯ, ಕೇಂದ್ರ ಎಂಬ ಆ ವ್ಯವಸ್ಥೆಯಲ್ಲಿ ಅಧಿಕಾರ ಹಂಚಿಹೋಗುತ್ತದೆ, ಇಲ್ಲವಾಗುವುದಿಲ್ಲ.

ನಿರ್ಣಾಯಕ ಸಾಕ್ಷ್ಯ 1989ರದು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸಂಘದ ಬಾಬಾಗೌಡ ಪಾಟೀಲ ಅವರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ತೆರವಾದ ಧಾರವಾಡ ಗ್ರಾಮಾಂತರದಿಂದ ಉಪಚುನಾವಣೆಯಲ್ಲಿ ಗೆದ್ದ ನಂಜುಂಡಸ್ವಾಮಿ ಆ ಸದನದ ಅವಧಿಯವರೆಗೆ ಶಾಸಕರಾಗಿದ್ದರು. ಮೈಸೂರಿನ ಪ್ರೊಫೆಸರ್ ಶಾಸಕರಾದದ್ದು ನವಲಗುಂದಕ್ಕೆ ಹತ್ತಿರದ ಸೀಮೆಯಿಂದ. ಇದು ಬರಿಯ ಕಾಕತಾಳೀಯ ಇರಲಾರದು. ವೊಲಿನ್ ಮಾದರಿಯ ಬುದ್ಧಿಜೀವಿಗೆ ಶಾಸನಸಭೆಯ ಕುರ್ಚಿ ತತ್ತ್ವದ್ರೋಹವಾಗುತ್ತಿತ್ತು. ಲೋಹಿಯಾವಾದಿಗೆ ಹಾಗಾಗುವುದಿಲ್ಲ. ಗುದ್ದಲಿ, ಮತ, ಜೈಲು ಎಂಬ ಲೋಹಿಯಾ ಸೂತ್ರದಲ್ಲಿ ಮೂರೂ ಒಟ್ಟಿಗಿವೆ. ನಂಜುಂಡಸ್ವಾಮಿ ಅವರ ಬದುಕಿನಲ್ಲಿ ಮೂರಕ್ಕೂ ಜಾಗವಿತ್ತು. 1994ರಲ್ಲಿ ಸಂಘದ ಪರವಾಗಿ ಸದನ ಪ್ರವೇಶಿಸಿದವರು ಪಾಂಡವಪುರದ ಕೆ. ಎಸ್. ಪುಟ್ಟಣ್ಣಯ್ಯ. ಬಾಬಾಗೌಡ ಪಾಟೀಲರು ಮುಂದೆ ಭಾರತೀಯ ಜನತಾ ಪಕ್ಷ ಸೇರಿ ಕೇಂದ್ರ ಸಚಿವರೂ ಆದರು. ಚುನಾವಣೆ ಸಂಘವನ್ನು ಒಡೆಯಿತೇ ಎಂಬುದು ಬೇರೆ ಪ್ರಶ್ನೆ.

ಅಕ್ಷರಶಃ ಅರಾಜಕತಾವಾದಿಯಾಗಿದ್ದ, ಮೈಸೂರು ಸೀಮೆಯ ಮೂಲವಿದ್ದ ಒಬ್ಬರನ್ನು ಇಲ್ಲಿ ಹೆಸರಿಸಬೇಕು: ಎಂ. ಪಿ. ಟಿ. ಆಚಾರ್ಯ (1887–1954). ಮೈಸೂರು ಸಂಸ್ಥಾನದಿಂದ ಮದರಾಸಿಗೆ ವಲಸೆ ಹೋದ ಮಂಡಯಂ ಅಯ್ಯಂಗಾರ್ ಮನೆತನದವರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು, ಬೇಗನೆ ಅದರಿಂದ ಹೊರಬಿದ್ದವರು. 1922ರ ಕೊನೆಗೆ ಬರ್ಲಿನ್ ಸೇರಿ ಅರಾಜಕತಾವಾದಿ ಕಾರ್ಮಿಕ ವಲಯದಲ್ಲಿ ಬರೆಯತೊಡಗಿದರು. ದೇಶದಿಂದ ಹೊರದಬ್ಬಲ್ಪಟ್ಟ ವೊಲಿನ್ ಕೂಡ ಆಗ ಬರ್ಲಿನ್ನಿನಲ್ಲೇ ಇದ್ದರು. ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಊರಿನಲ್ಲಿದ್ದುದಕ್ಕಿಂತ ಹೆಚ್ಚಿನದನ್ನು ಇದರಿಂದ ಸಾಧಿಸಲಾಗದು. ಆಚಾರ್ಯರಿಗೆ ಸಿದ್ಧಾಂತವಿತ್ತು, ರೈತ ಚಳವಳಿಯಿರಲಿಲ್ಲ. ನಂಜುಂಡಸ್ವಾಮಿ ಅವರಿಗೆ ರೈತ ಚಳವಳಿಯಿತ್ತು, ಸಿದ್ಧಾಂತ ಬೇರೆಯದಿತ್ತು. ಹೀಗಾಗಿ ಹಣೆಪಟ್ಟಿಯನ್ನು ಕೈಬಿಡುವುದು ಲೇಸು.

9. ವಿನಂತಿ

ಇಂಗ್ಲಿಷ್ ದಾಖಲೆಗಳು ಪ್ರೊಫೆಸರರನ್ನು ನಡುವೆ ನಿಲ್ಲಿಸುತ್ತವೆ. ಅದನ್ನು ಸರಿದೂಗಿಸಬಲ್ಲದ್ದು ತಾಲ್ಲೂಕು ಘಟಕಗಳ ಕರಪತ್ರ, ಠರಾವು ಪುಸ್ತಕ, ರಸೀದಿ ಪುಸ್ತಕಗಳು. 1867ರ ಮುದ್ರಣಾಲಯ ಕಾಯ್ದೆಯ ಪ್ರಕಾರ ಅಚ್ಚಾದ ಹಾಳೆಯ ಮೇಲೆ ಮುದ್ರಕರ ಹೆಸರೂ ಊರೂ ಇರಬೇಕಿತ್ತು, ದಿನಾಂಕ ಕಡ್ಡಾಯವಿರಲಿಲ್ಲ. ಆದ್ದರಿಂದ ದಿನಾಂಕವಿಲ್ಲದ ಕರಪತ್ರದ ಕಾಲ ಮತ್ತು ಸ್ಥಳ ಗುರುತಿಸಲು ಅದರ ಕೊನೆಯ ಸಣ್ಣಕ್ಷರದ ಸಾಲೇ ಅನೇಕ ಸಲ ಏಕೈಕ ಆಧಾರ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ಓದುಗರ ಮನೆಗಳಲ್ಲಿ 1980ರಿಂದ 1989ರ ನಡುವಿನ ಇಂಥ ಹಾಳೆಗಳಿದ್ದರೆ, ಅಂಚು ಕತ್ತರಿಸದೆ, ಲ್ಯಾಮಿನೇಷನ್ ಮಾಡಿಸದೆ, ಹತ್ತಿರದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಮೂಲವನ್ನೋ ಪೂರ್ಣ ಪ್ರತಿಯನ್ನೋ ತಲುಪಿಸಬೇಕೆಂದು ಕೋರಿಕೆ.